ಅಂಕಿ ನಿಂತರೆ ಗುಂಡಿ ಒತ್ತುವವರು

ಭಾನುವಾರ ಬೆಳಿಗ್ಗೆ ಮನೆಯವರು ಎದ್ದು ಕಾಫಿ ಕುಡಿಯುವ ಹೊತ್ತಿಗೆ ಕಂಪ್ಯೂಟರಿನ ಪರದೆಯ ಮೇಲೆ ಎಷ್ಟು ಕೆಲಸ ಮುಗಿಯಿತೆಂದು ತೋರಿಸುವ ನೀಲಿ ಪಟ್ಟಿ ಶೇಕಡಾ ಮೂವತ್ತೊಂದಕ್ಕೆ ಬಂದು ನಿಂತಿತ್ತು. ಅಳಿಯ ಅದರ ಮುಂದೆ ಲೋಟ ಹಿಡಿದು ಕೂತಿದ್ದ. ಆ ಪಟ್ಟಿ ಸಂಜೆ ಐದರೊಳಗೆ ನೂರು ಮುಟ್ಟಿದರೆ ಅವನು ಈ ಮನೆಯಿಂದ ಆಚೆ ಹೋಗಬಹುದು. ಮುಟ್ಟದಿದ್ದರೆ ಇಲ್ಲೇ. ಇಷ್ಟು ದೊಡ್ಡ ವಿಷಯವನ್ನು ಬೆರಳಗಲದ ಪಟ್ಟಿಯೊಂದರ ಮೇಲೆ ಹೇರಬಾರದು, ಒಪ್ಪೋಣ. ಆದರೆ ಬೇರೆ ಯಾವುದರ ಮೇಲೆ ಹೇರುತ್ತಾನೆ ಪಾಪ, ಆ ಮನೆಯಲ್ಲಿ ಅವನದು ಅಂತ ಇದ್ದದ್ದು ಆ ಕಂಪ್ಯೂಟರ್ ಒಂದೇ.

ಅವನು ಮನೆ ಅಳಿಯ. ಬೇಕೆಂದು ಆದವನಲ್ಲ. ಮದುವೆಯಾದ ಹೊಸದರಲ್ಲಿ ಬಾಡಿಗೆಗಿದ್ದ ಕಟ್ಟಡವನ್ನು ಮಾಲೀಕರು ಕೆಡವಿಸಲು ಹೊರಟಾಗ, ಬೇರೆ ಮನೆ ಸಿಗುವವರೆಗೆ ಎಂದು ಎರಡು ಸೂಟ್‌ಕೇಸ್ ಹಿಡಿದುಕೊಂಡು ಹೆಂಡತಿಯ ತವರಿಗೆ ಬಂದವನು. ಏಳು ವರ್ಷವಾಯಿತು. ಮನೆ ಸಿಗಲಿಲ್ಲ ಎಂದಲ್ಲ. ಸಿಕ್ಕ ಪ್ರತಿ ಮನೆಯನ್ನೂ ನೋಡಲು ಮಾವ ಜೊತೆಗೆ ಬರುತ್ತಿದ್ದರು, ಬಂದವರು ಮನೆ ನೋಡುವ ಮೊದಲು ಆ ಕಟ್ಟಡದ ಲಿಫ್ಟ್ ನೋಡುತ್ತಿದ್ದರು. ಹಗ್ಗ ಸವೆದಿದೆ ಎನ್ನುತ್ತಿದ್ದರು, ಬಾಗಿಲಿನ ಸ್ವಿಚ್ಚು ಸರಿಯಿಲ್ಲ ಎನ್ನುತ್ತಿದ್ದರು, ಇದನ್ನು ನಂಬಿ ಮಗಳನ್ನು ಹೇಗೆ ಕಳಿಸಲಿ ಎನ್ನುತ್ತಿದ್ದರು. ಲಿಫ್ಟ್ ಇಲ್ಲದ ಕಟ್ಟಡವಾದರೆ ಮೆಟ್ಟಿಲು ಹತ್ತಿ ಮಂಡಿ ಹೋಗುತ್ತದೆ. ನೆಲಮಹಡಿಯಾದರೆ ತೇವ. ಹೀಗೆ ಊರಲ್ಲಿರುವ ಮನೆಗಳೆಲ್ಲ ಒಂದೊಂದಾಗಿ ಬಿದ್ದುಹೋಗಿ ಮಾವನ ಮನೆಯೊಂದೇ ವಾಸಕ್ಕೆ ಯೋಗ್ಯ ಎಂದು ಉಳಿಯಿತು.

ಮಾವನದು ಲಿಫ್ಟ್ ರಿಪೇರಿ. ಕೆಳಗೆ ವರ್ಕ್‌ಶಾಪ್, ಮೇಲೆ ಮನೆ. ಊರಿನ ಅರ್ಧ ಕಟ್ಟಡಗಳ ಲಿಫ್ಟುಗಳು ಅವರ ಸುಪರ್ದಿನಲ್ಲಿದ್ದವು. ಭಾವಮೈದ, ಅಂದರೆ ಹೆಂಡತಿಯ ತಮ್ಮ, ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿದ್ದ. ಅತ್ತೆ ಫೋನು ನೋಡಿಕೊಳ್ಳುತ್ತಿದ್ದರು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರು ಅಳುತ್ತಾ, ಬೈಯುತ್ತಾ ಫೋನು ಮಾಡಿದರೆ ಅತ್ತೆ ಕೈಯಲ್ಲಿದ್ದ ಸೌಟನ್ನೂ ಕೆಳಗಿಡದೆ ಸಮಾಧಾನ ಹೇಳುತ್ತಿದ್ದರು: ಹೆದರಬೇಡಿ, ಗೋಡೆಗೆ ಒರಗಿ ನಿಂತ್ಕೊಳ್ಳಿ, ನಮ್ಮವರು ಹೊರಟಾಯ್ತು. ನಮ್ಮವರು ಆಗ ಬಚ್ಚಲಲ್ಲಿರುತ್ತಿದ್ದರು, ಅದು ಬೇರೆ ಮಾತು. ಅಳಿಯ ಮೊದಲು ಒಂದು ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಡಿಪೋ ಮುಚ್ಚಿದ ಮೇಲೆ ಅವನನ್ನೂ ಲಿಫ್ಟಿಗೆ ಸೇರಿಸಿಕೊಂಡರು. ನೀವು ಕೆಲಸದವರಲ್ಲ, ಮನೆಯವರು ಎಂದು ಮಾವ ಪದೇಪದೇ ಹೇಳುತ್ತಿದ್ದರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಹೆಸರು ಯಾವುದಾದರೇನು, ಗ್ರೀಸು ಹಚ್ಚುವ ಕೈ ಅದೇ.

ಈ ಕಸುಬು ಆ ಮನೆಯೊಳಗೂ ಇಳಿದುಬಿಟ್ಟಿತ್ತು. ಒಂದು ಕೋಣೆಗೂ ಒಳಗಿನಿಂದ ಚಿಲಕವಿರಲಿಲ್ಲ. ಬೀಗ ಹಾಕಿಕೊಂಡ ಬಾಗಿಲುಗಳ ಆಚೆ ಮನುಷ್ಯರು ಹೇಗೆ ಕಂಗಾಲಾಗುತ್ತಾರೆ ಎಂಬುದನ್ನು ಜೀವಮಾನವೆಲ್ಲ ನೋಡಿದ ಮಾವ ಮನೆ ಕಟ್ಟಿಸಿದಾಗಲೇ ಒಳಚಿಲಕಗಳನ್ನೆಲ್ಲ ಕಿತ್ತು ಹಾಕಿಸಿದ್ದರು. ಬಾಗಿಲು ಮುಚ್ಚಬಹುದು, ಯಾರು ಬೇಕಾದರೂ ತೆರೆಯಬಹುದು. ಗಂಡ ಹೆಂಡತಿ ಮಲಗುವ ಕೋಣೆಗೂ ಇದೇ ಕಾನೂನು. ಹೊಸ ದಂಪತಿಗೆ ಇದರಿಂದ ಏನೇನು ಅನುಭವಗಳಾದವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಳಗಿಂದ ಚಿಲಕ ಹಾಕ್ಕೊಳ್ಳೋ ಒಂದು ಬಾಗಿಲು ಸಾಕು, ಮನೆ ಎಷ್ಟು ಚಿಕ್ಕದಾದ್ರೂ ಪರವಾಗಿಲ್ಲ ಎಂದು ಅವನ ಹೆಂಡತಿ ಆಗಾಗ ಹೇಳುತ್ತಿದ್ದಳು. ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಹೆಚ್ಚು ಮಾತಿನವಳಲ್ಲ, ಆದ್ದರಿಂದ ಹೇಳಿದ ಮಾತು ಅವನಿಗೆ ಮರೆಯುತ್ತಿರಲಿಲ್ಲ.

ಇನ್ನು ಆಟದ ವಿಷಯ. ಅದು ಲಾರಿ ಓಡಿಸುವ ಆಟ. ಹತ್ತಾರು ಸಾವಿರ ಮೈಲಿ ರಸ್ತೆ, ಹಿಮ, ಮಂಜು, ಘಾಟಿ, ಹಿಂದೆ ಉದ್ದದ ಟ್ರೇಲರು. ಅಳಿಯ ಅದನ್ನು ನಡುಮನೆಯ ಮೂಲೆಯಲ್ಲಿ, ಮೇಜಿಗೆ ಬಿಗಿದ ಸ್ಟೀರಿಂಗ್ ಹಿಡಿದು ಐದಾರು ವರ್ಷದಿಂದ ಆಡುತ್ತಿದ್ದ. ಮೊದಮೊದಲು ಹೊತ್ತು ಕಳೆಯಲು. ಆಮೇಲೆ ಹೊಸಬರಿಗೆ ಹೇಳಿಕೊಡತೊಡಗಿದ. ಟ್ರೇಲರನ್ನು ಹಿಮ್ಮುಖವಾಗಿ ಸಂದಿಗೆ ನುಗ್ಗಿಸುವುದು ಹೇಗೆ, ಇಳಿಜಾರಿನಲ್ಲಿ ಬ್ರೇಕು ಕಾಯದಂತೆ ಇಳಿಯುವುದು ಹೇಗೆ ಎಂದು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಎಲ್ಲೆಲ್ಲಿಯವರಿಗೋ ತಾಳ್ಮೆಯಿಂದ ಹೇಳುತ್ತಿದ್ದ. ಆ ಲೋಕದಲ್ಲಿ ಅವನಿಗೆ ಲಾರಿ ಮೇಷ್ಟ್ರು ಎಂದೇ ಹೆಸರು. ಮನೆಯಲ್ಲಿ ಬಹುವಚನದಲ್ಲೇ ಮಾತಾಡಿಸಿ ಮರ್ಯಾದೆ ಕೊಡುತ್ತಿದ್ದರೇ ಹೊರತು ಅವನಿಂದ ಏನನ್ನಾದರೂ ಕಲಿಯಬಹುದು ಎಂದು ಯಾರಿಗೂ ಅನಿಸಿರಲಿಲ್ಲ.

ಹಾಗೆ ಕಲಿತವರಲ್ಲಿ ಒಬ್ಬರು ದೂರದ ಊರಿನ ಡ್ರೈವಿಂಗ್ ಶಾಲೆಯವರು. ಅವರ ಶಾಲೆಯಲ್ಲಿ ನಿಜವಾದ ಲಾರಿ ಕೊಡುವ ಮೊದಲು ಹುಡುಗರನ್ನು ಪರದೆಯ ಮುಂದೆ ಕೂರಿಸಿ ಪಳಗಿಸುತ್ತಾರಂತೆ. ಅದಕ್ಕೆ ಮೇಷ್ಟ್ರು ಬೇಕಾಗಿದ್ದಾರೆ, ವಾಸಕ್ಕೆ ಎರಡು ಕೋಣೆಯ ಮನೆಯನ್ನೂ ಕೊಡುತ್ತೇವೆ ಎಂದಿದ್ದರು. ಒಂದೇ ಒಂದು ಪರೀಕ್ಷೆ. ಭಾನುವಾರ ಸಂಜೆ ಐದಕ್ಕೆ ಆಟದೊಳಗೆ ಬರಬೇಕು, ಅವರು ಕಳಿಸುವ ಹೊಸಬನೊಬ್ಬನಿಗೆ ಹೇಳಿಕೊಡಬೇಕು, ಶಾಲೆಯವರು ಕೇಳಿಸಿಕೊಳ್ಳುತ್ತಾರೆ. ಸರದಿಯಲ್ಲಿ ಬಹಳ ಜನ ಇರುವುದರಿಂದ ತಪ್ಪಿದವರಿಗೆ ಇನ್ನೊಂದು ಅವಕಾಶ ಇಲ್ಲ ಎಂದು ಮೊದಲೇ ಹೇಳಿದ್ದರು. ಈ ವಿಷಯ ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿಗೆ ಮಾತ್ರ.

ಶನಿವಾರ ಆಟಕ್ಕೆ ಹೊಸ ಅಪ್‌ಡೇಟ್ ಬಂತು. ಅದು ಇಳಿಯುತ್ತಿದ್ದಾಗಲೇ ಕರೆಂಟು ಹೋಯಿತು. ಮರಳಿ ಬಂದ ಮೇಲೆ, ಆಟಗಳನ್ನೆಲ್ಲ ನೋಡಿಕೊಳ್ಳುವ ಕ್ಲೈಂಟು ಎಂಬ ತಂತ್ರಾಂಶ ಆಟವನ್ನು ತೆರೆಯಲು ಒಪ್ಪಲಿಲ್ಲ. ಫೈಲುಗಳು ಕೆಟ್ಟಿರಬಹುದು, ಮೊದಲು ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ ವೆರಿಫೈ ಮಾಡಬೇಕು ಎಂದಿತು. ಸರಿ ಮಾಡಪ್ಪ ಎಂದು ಭಾನುವಾರ ಏಳುತ್ತಲೇ ಗುಂಡಿ ಒತ್ತಿದ್ದ. ಪಟ್ಟಿ ಸರಾಗವಾಗಿ ಓಡಿ ಮೂವತ್ತೊಂದಕ್ಕೆ ಬಂದು ನಿಂತದ್ದು ಹೀಗೆ.

ಕಾಫಿ ಮುಗಿಸಿ, ಸ್ನಾನ ಮಾಡಿ ಬರೋಣ ಎಂದು ಹೋದ. ಬಂದು ನೋಡಿದರೆ ಪಟ್ಟಿ ಆರರಲ್ಲಿತ್ತು.

ಕ್ಲೈಂಟೇ ಕೆಟ್ಟಿರಬೇಕು ಎಂದುಕೊಂಡ. ಅದನ್ನು ಮುಚ್ಚಿ, ಅದರ ಡೌನ್‌ಲೋಡ್ ಕಸವನ್ನೆಲ್ಲ ಅಳಿಸಿ, ಕಂಪ್ಯೂಟರನ್ನೇ ಆರಿಸಿ ಹಚ್ಚಿ ಮತ್ತೆ ಶುರು ಮಾಡಿದ. ತಿಂಡಿಗೆ ಕರೆದರು. ಎದ್ದು ಹೋಗುವಾಗ ಇಪ್ಪತ್ತೆಂಟು, ಕೈ ತೊಳೆದು ಬಂದಾಗ ಮೂರು. ಈ ಸಲ ವೈರಸ್ ಕಾಯುವ ತಂತ್ರಾಂಶದ ಮೇಲೆ ಅನುಮಾನ ಬಂತು. ಅದು ಆಟದ ಫೋಲ್ಡರಿಗೆ ಮೂಗು ತೂರಿಸದಂತೆ ಮಾಡಿ ಮತ್ತೆ ಶುರು ಮಾಡಿದ. ಅಷ್ಟರಲ್ಲಿ ಹೆಂಡತಿ ತಾರಸಿಯಿಂದ ಬಟ್ಟೆ ತರಲು ಒಂದು ಕೈ ಬೇಕು ಎಂದಳು. ಬಂದಾಗ ಪಟ್ಟಿ ಹನ್ನೊಂದರಲ್ಲಿತ್ತು. ಡಿಸ್ಕೇ ಸಾಯುತ್ತಿದೆ ಎಂದು ಅವನು ಹೆದರಿದ. ಹಳೆಯ ಡಿಸ್ಕು, ಒಳಗೆ ತಟ್ಟೆ ತಿರುಗುವ ಜಾತಿಯದ್ದು. ಆಟವನ್ನು ಹೊಸದಾಗಿ ಇಳಿಸೋಣವೆಂದರೆ ಅವರ ಮನೆಯ ಇಂಟರ್ನೆಟ್ಟಿಗೆ ಎರಡು ದಿನ ಬೇಕು.

ಗೆಳೆಯರ ಗುಂಪಿನಲ್ಲಿ ಕೇಳಿದ. ಆಟದ ಹಳಬರೊಬ್ಬರು ಉತ್ತರ ಬರೆದರು. ಮೇಷ್ಟ್ರೇ, ಇದರಲ್ಲಿ ರಸ್ತೆಗಳೆಲ್ಲ ಒಂದೇ ದೊಡ್ಡ ಫೈಲಿನಲ್ಲಿವೆ, ಅದಕ್ಕೆ ಬಂದಾಗ ಅಂಕಿ ಅರ್ಧ ಗಂಟೆ ಅಲ್ಲಾಡುವುದಿಲ್ಲ, ಕೊನೆಗೆ ತೊಂಬತ್ತರ ಮೇಲೆ ಇನ್ನೊಂದು ಸಲ ಹಾಗೇ ಆಗುತ್ತದೆ. ಕಂಪ್ಯೂಟರ್ ಡಬ್ಬಿಯ ಮೇಲಿನ ಕೆಂಪು ದೀಪ ಮಿಣುಕುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ, ಕೈ ಹಚ್ಚಬೇಡಿ. ಮಧ್ಯದಲ್ಲಿ ರದ್ದು ಮಾಡಿದರೆ ಮತ್ತೆ ಸೊನ್ನೆಯಿಂದ.

ಅಳಿಯ ಬಗ್ಗಿ ನೋಡಿದ. ದೀಪ ಮಿಣುಕುತ್ತಿತ್ತು. ಡಿಸ್ಕು ಸತ್ತಿಲ್ಲ, ಕ್ಲೈಂಟು ಕೆಟ್ಟಿಲ್ಲ. ಹಾಗಾದರೆ ರದ್ದು ಮಾಡುತ್ತಿರುವವರು ಯಾರು?

ಇದನ್ನು ಯೋಚಿಸುವಷ್ಟರಲ್ಲಿ ಫೋನು ಬಂತು. ಪಕ್ಕದ ರಸ್ತೆಯ ಹಲ್ಲಿನ ಆಸ್ಪತ್ರೆಯಲ್ಲಿ ಲಿಫ್ಟ್ ನಿಂತಿದೆ. ಭಾವಮೈದ ಇನ್ನೊಂದು ಕಡೆ ಹೋಗಿದ್ದ, ಮಾವನಿಗೆ ಸೊಂಟ ನೋವು. ಅತ್ತೆ ಬಾಗಿಲಲ್ಲಿ ನಿಂತು, ನಿಮಗೆ ತೊಂದರೆ ಕೊಡೋಕೆ ಮನಸ್ಸಿಲ್ಲ ಅಳಿಯಂದ್ರೆ ಎಂದರು. ಮನಸ್ಸಿಲ್ಲದೆಯೇ ಕೊಡುವ ತೊಂದರೆಗೆ ಇಲ್ಲ ಎನ್ನುವುದು ಹೇಗೆ? ಓಡಿದ. ಒಳಗೆ ಸಿಕ್ಕಿಕೊಂಡಿದ್ದ ಹೆಂಗಸನ್ನು ಇಳಿಸಿ, ಬಾಗಿಲಿನ ಸ್ವಿಚ್ಚು ಬದಲಾಯಿಸಿ, ಬೆವರು ಸುರಿಸಿಕೊಂಡು ಬಂದಾಗ ಮಾವ ಅವನ ಕುರ್ಚಿಯಲ್ಲಿ ಕೂತು ಪರದೆಯನ್ನು ಪ್ರೀತಿಯಿಂದ ನೋಡುತ್ತಿದ್ದರು. ಪಟ್ಟಿ ಎರಡರಲ್ಲಿತ್ತು.

"ನಿಂತೇಹೋಗಿತ್ತು ಅಳಿಯಂದ್ರೆ, ನಾನು ಸರಿಮಾಡಿದೆ," ಎಂದರು ಮಾವ. "ಈಗ ನೋಡಿ, ಹೆಂಗೆ ಓಡ್ತಿದೆ."

ವಿಚಾರಿಸಿದಾಗ ಒಂದೊಂದೇ ಹೊರಬಿತ್ತು. ಅಡುಗೆಮನೆಗೆ ಹೋಗುವವರಿಗೂ ತಾರಸಿಗೆ ಹತ್ತುವವರಿಗೂ ನಡುಮನೆಯ ಆ ಪರದೆ ಕಣ್ಣಿಗೆ ಬೀಳುತ್ತಿತ್ತು. ಮೊದಲ ಸಲ ಒತ್ತಿದವನು ಭಾವಮೈದ. ತಡವಾಗಿ ಎದ್ದು ಹಲ್ಲುಜ್ಜುತ್ತಾ ಹೋಗುತ್ತಿದ್ದವನು ಅಂಕಿ ನಿಂತದ್ದು ಕಂಡು, ಬಾಯ ತುಂಬ ನೊರೆಯಿದ್ದದ್ದರಿಂದ ಯಾರಿಗೂ ಹೇಳದೆ ರದ್ದು ಒತ್ತಿ, ಮತ್ತೆ ಶುರು ಒತ್ತಿ, ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಉಗುಳಲು ಹೋಗಿದ್ದ. ಎರಡನೆಯ ಸಲ ಅತ್ತೆ. ಮೂರನೆಯ ಸಲವೂ ಅತ್ತೆ. ಇಷ್ಟು ವರ್ಷ ಫೋನಿನಲ್ಲಿ ಜನಕ್ಕೆ ರದ್ದು ಒತ್ತಿ, ಆಮೇಲೆ ನಿಮ್ಮ ಮಹಡಿ ಒತ್ತಿ ಎಂದು ಹೇಳಿಕೊಟ್ಟವರಿಗೆ ಒಮ್ಮೆ ತಾವೇ ಒತ್ತುವ ಭಾಗ್ಯ ಸಿಕ್ಕಿತ್ತು, ಬಿಡುತ್ತಾರೆಯೇ?

ಅಂಕಿ ನಿಂತರೆ ಒತ್ತುವುದು ಆ ಮನೆಯವರ ರಕ್ತದಲ್ಲಿತ್ತು. ಲಿಫ್ಟಿನ ಬಾಗಿಲ ಮೇಲೆ ಉರಿಯುವ ಅಂಕಿ ಬದಲಾಗದೆ ನಿಂತರೆ ಒಳಗೆ ಮನುಷ್ಯ ಇದ್ದಾನೆ ಅಂತಲೇ ತಿಳಿಯಬೇಕು, ನೋಡುತ್ತಾ ನಿಲ್ಲಬಾರದು, ಇದು ಮಾವ ಮೊದಲ ದಿನ ಅಳಿಯನಿಗೂ ಹೇಳಿಕೊಟ್ಟ ಪಾಠ. ಈಗ ಅವನು ಅದೇ ಮಾವನಿಗೆ, ಇದು ಲಿಫ್ಟಲ್ಲ, ನಿಂತ ಹಾಗೆ ಕಂಡರೂ ಒಳಗೆ ಕೆಲಸ ನಡೆಯುತ್ತಿರುತ್ತದೆ ಎಂದು ವಿವರಿಸಿದ. ಮಾವ ತಲೆಯಾಡಿಸಿದರು. ಆಡಿಸುತ್ತಲೇ, ಆದರೂ ನಿಂತದ್ದನ್ನು ಕಂಡೂ ಕಾಣದ ಹಾಗೆ ದಾಟಿ ಹೋಗುವುದು ಮನುಷ್ಯತ್ವವಲ್ಲ ಎಂದರು. ಅಷ್ಟಕ್ಕೂ ಇದೊಂದು ಆಟ ತಾನೇ, ನಾಳೆ ಆಡಿದರಾಯಿತು ಎಂದು ಅತ್ತೆ ಸಮಾಧಾನ ಹೇಳಿದರು. ಅವರು ಗೋಡೆಗೆ ಒರಗಿ ನಿಂತ್ಕೊಳ್ಳಿ ಎನ್ನುವ ಧ್ವನಿಯಲ್ಲೇ ಹೇಳಿದ್ದರಿಂದ ಅವನು ನಿಜವಾಗಿ ಗೋಡೆಗೆ ಒರಗಿದ.

ಅವನಿಗೆ ಕಿರುಚಬೇಕೆನಿಸಿತು. ನಾಳೆಯಲ್ಲ, ಇವತ್ತೇ ಬೇಕು, ಏಕೆಂದರೆ ನಿಮ್ಮನ್ನೆಲ್ಲ ಬಿಟ್ಟು ಹೋಗಬೇಕು ಎಂದು ಹೇಳಿದರೆ ಪಟ್ಟಿ ಉಳಿಯುತ್ತಿತ್ತು. ಆದರೆ ಏಳು ವರ್ಷ ಬಿಸಿನೀರು ಕಾಯಿಸಿಕೊಟ್ಟವರ ಮುಖಕ್ಕೆ ಅದನ್ನು ಹೇಳುವುದು ಹೇಗೆ? ಹೇಳಿಯೂ ಪರೀಕ್ಷೆಯಲ್ಲಿ ಬಿದ್ದರೆ? ನುಂಗಲೂ ಆಗದು, ಉಗುಳಲೂ ಆಗದು. ಇವರು ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗಿತ್ತು, ಜಗಳವಾಡಿ ಎಂದೋ ಹೊರಟುಬಿಡಬಹುದಿತ್ತು ಎಂದು ಅವನಿಗೆ ನೂರನೆಯ ಸಲ ಅನಿಸಿತು. ಇವರ ಒಳ್ಳೆಯತನವೇ ಉಸಿರು ಕಟ್ಟಿಸುತ್ತದೆ. ಉಂಡು ಏಳಲು ಹೊರಟರೆ ಇನ್ನೊಂದಿಷ್ಟು ಬಡಿಸುತ್ತಾರೆ, ಮಲಗಿದರೆ ಫ್ಯಾನು ಹೆಚ್ಚು ಮಾಡಿ ಹೋಗುತ್ತಾರೆ. ಅವನು ಶುರು ಮಾಡಿದ ಒಂದು ಕೆಲಸವೂ ಅವನ ಕೈಯಲ್ಲೇ ಮುಗಿದದ್ದಿಲ್ಲ. ಇವರು ಬಿಟ್ಟರೆ ತಾನೇ ಎಂದು ಅವನು ಹೆಂಡತಿಯ ಹತ್ತಿರ ಹೇಳದ ದಿನವೇ ಇರಲಿಲ್ಲ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಊಟದ ಮೇಜಿನಿಂದ ಒಂದು ಕುರ್ಚಿ ಎಳೆದು ತಂದು ನಡುಮನೆಗಿದ್ದ ಒಂದೇ ಬಾಗಿಲಿನ ಹೊಸ್ತಿಲ ಮೇಲೆ ಹಾಕಿದಳು.

"ಅಪ್ಪ, ಅವರಿಗೆ ಇವತ್ತು ಐದು ಗಂಟೆಗೆ ಒಂದು ಪರೀಕ್ಷೆ ಇದೆ. ಪಾಸಾದ್ರೆ ಬೇರೆ ಊರಲ್ಲಿ ಕೆಲಸ, ಮನೇನೂ ಕೊಡ್ತಾರೆ. ನಾವಿಬ್ರೂ ಹೋಗ್ತೀವಿ. ಅಲ್ಲೀವರೆಗೂ ಈ ಕೋಣೆಗೆ ಯಾರೂ ಬರಬಾರದು."

ಅಳಿಯ ನೆಲ ನೋಡಿದ. ಮಾವ ಈಗ ಸ್ಫೋಟಿಸುತ್ತಾರೆ, ಅತ್ತೆ ಅಳುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಆ ಕ್ಷಣ ಒಂದು ಸಣ್ಣ ನಿರಾಳವೂ ಆಯಿತು.

ಮಾವ ಸ್ಫೋಟಿಸಲಿಲ್ಲ. ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದು, ಅವನ ಕುರ್ಚಿಯನ್ನು ಅಂಗೈಯಿಂದ ಒರೆಸಿದರು. "ಮೊದಲೇ ಹೇಳಬಾರದಿತ್ತಾ," ಎಂದರು. "ನಾನು ಗುಂಡಿ ಮುಟ್ತಾನೇ ಇರ್ಲಿಲ್ಲ." ಅತ್ತೆಯ ಕಣ್ಣು ತುಂಬಿತಾದರೂ, ಐದಕ್ಕೆ ಮೊದಲು ಏನಾದರೂ ಹೊಟ್ಟೆಗೆ ಹಾಕಿಕೊಳ್ಳಿ, ಖಾಲಿ ಹೊಟ್ಟೆಯಲ್ಲಿ ಪಾಠ ಹೇಳಬಾರದು ಎಂದು ಮಾತ್ರ ಹೇಳಿದರು. ಮಾವ ಅವರನ್ನು ಕರೆದುಕೊಂಡು ಕೆಳಗೆ ವರ್ಕ್‌ಶಾಪಿಗೆ ಇಳಿದರು. ಹೊರಗಿನಿಂದ ಬಂದ ಭಾವಮೈದನನ್ನೂ ಮೆಟ್ಟಿಲ ಬುಡದಲ್ಲೇ ತಡೆದರು. ಫೋನು ಕೂಡ ಕೆಳಗೆ ಹೋಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಮೇಲ್ಮನೆ ಅವರಿಬ್ಬರದಾಯಿತು.

ಹೆಂಡತಿ ಹೊರಗೆ ಮುಖ ಮಾಡಿ ಹೊಸ್ತಿಲ ಕುರ್ಚಿಯಲ್ಲಿ ಕೂತು, ಬಾಗಿಲನ್ನು ಎಳೆದುಕೊಂಡಳು. "ಚಿಲಕ ಇಲ್ದೇ ಇದ್ರೇನು, ನಾನಿದ್ದೀನಲ್ಲ," ಎಂದಳು ಬಾಗಿಲ ಸಂದಿಯಿಂದ. ಅವಳ ಧ್ವನಿಯಲ್ಲಿ ನಗುವಿತ್ತು. ಹಾಗೆ ನಕ್ಕದ್ದನ್ನು ಅವನು ಯಾವ ಕಾಲದಲ್ಲಿ ಕೇಳಿದ್ದನೋ.

ಪಟ್ಟಿ ಓಡಿತು. ಮೂವತ್ತೊಂದರಲ್ಲಿ ನಿಂತಿತು, ಹಳಬರು ಹೇಳಿದಂತೆಯೇ ದೊಡ್ಡ ಫೈಲನ್ನು ಅಗಿದು ಅಗಿದು ನುಂಗಿತು, ಮತ್ತೆ ಹೊರಟಿತು. ಅಳಿಯ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದ. ಐವತ್ತು ದಾಟಿತು. ಹೆಂಡತಿ ಒಂದು ತಟ್ಟೆಯನ್ನು ಬಾಗಿಲ ಸಂದಿಯಿಂದ ನೂಕಿದಳು, ತಿಂದ. ಎಪ್ಪತ್ತು, ಎಂಬತ್ತು. ಬಾಗಿಲಾಚೆ ಅವಳು ಸಣ್ಣಗೆ ಏನನ್ನೋ ಗುನುಗುತ್ತಿದ್ದಳು. ಆ ಎರಡು ಕೋಣೆಯಲ್ಲಿ ಯಾವುದನ್ನು ಎಲ್ಲಿಡುವುದು ಎಂದು ಲೆಕ್ಕ ಹಾಕುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

ನಾಲ್ಕು ಹೊಡೆದು ಸ್ವಲ್ಪ ಹೊತ್ತಿಗೆ ಪಟ್ಟಿ ತೊಂಬತ್ತಾರಕ್ಕೆ ಬಂದು ನಿಂತಿತು.

ಅವನು ಬಗ್ಗಿ ಕೆಂಪು ದೀಪ ನೋಡಿದ. ಮಿಣುಕುತ್ತಿತ್ತು. ಎಲ್ಲ ಸರಿಯಾಗಿದೆ, ಸುಮ್ಮನೆ ಕೂರಬೇಕು ಅಷ್ಟೇ. ಸ್ಟೀರಿಂಗನ್ನು ಒರೆಸಿದ. ಹೆಡ್‌ಫೋನು ಹಾಕಿಕೊಂಡು, ತೆಗೆದು ಇಟ್ಟ. ಹೊಸಬನಿಗೆ ಮೊದಲು ಏನು ಹೇಳಬೇಕು ಎಂದು ಯೋಚಿಸಿದ. ಕನ್ನಡಿ ಸರಿಮಾಡ್ಕೊಳ್ಳಿ ಅನ್ನಬೇಕೋ, ಸೀಟು ಸರಿಮಾಡ್ಕೊಳ್ಳಿ ಅನ್ನಬೇಕೋ? ಸಾವಿರ ಸಲ ಹೇಳಿದ ಮಾತು ನಾಲಿಗೆಗೆ ಬರಲಿಲ್ಲ. ಆ ಹೊಸಬನ ಬೆನ್ನ ಹಿಂದೆ ಶಾಲೆಯವರು ಸಾಲಾಗಿ ಕೂತು ಕೇಳಿಸಿಕೊಳ್ಳುತ್ತಾರೆ. ಇಲ್ಲಿ ಮುಖ ಕಾಣದವರಿಗೆ ಹೇಳುವಾಗ ಮೇಷ್ಟ್ರು. ಅಲ್ಲಿ ಹೋಗಿ ನಿಜವಾದ ಹುಡುಗರ ಮುಂದೆ ನಿಂತಾಗ? ಅವರಲ್ಲೊಬ್ಬ, ನೀವು ನಿಜವಾದ ಲಾರಿಯನ್ನು ಎಷ್ಟು ದೂರ ಓಡಿಸಿದ್ದೀರಿ ಎಂದು ಕೇಳಿದರೆ? ಹೊಸ ಊರಿನಲ್ಲಿ ತಪ್ಪಿದ್ದು, ಮುರಿದದ್ದು, ಸಾಲದೇ ಬಂದದ್ದು ಎಲ್ಲವೂ ಅವನೊಬ್ಬನದೇ ಆಗುತ್ತದೆ. ಸಂಜೆ ಹೆಂಡತಿಯ ಪಕ್ಕ ಕೂತು, ಇವರು ಬಿಟ್ಟರೆ ತಾನೇ ಎನ್ನಲು ಅಲ್ಲಿ ಯಾರೂ ಇರುವುದಿಲ್ಲ.

ಅವನಿಗೆ ಭಯವಾಯಿತು. ಪಟ್ಟಿ ನಿಂತುಬಿಟ್ಟಿದೆ ಎಂಬ ಭಯ ಬೆಳಗಿನಿಂದ ಇತ್ತು. ಇದು ಅದಲ್ಲ, ಈಗ ಅದು ಮುಗಿದುಬಿಡುತ್ತದೆ ಎಂಬ ಭಯ. ಎಷ್ಟು ಹೊತ್ತಿನಿಂದ ತೊಂಬತ್ತಾರು? ಬಹಳ ಹೊತ್ತಾಯಿತಲ್ಲ. ನಿಜವಾಗಿಯೇ ನಿಂತಿರಬಹುದು. ಹಳಬರಿಗೆ ಇವನ ಡಿಸ್ಕಿನ ಕಥೆ ಏನು ಗೊತ್ತು? ಅಂಕಿ ನಿಂತಾಗ ನೋಡುತ್ತಾ ಕೂರಬಾರದು. ಅವನ ಕೈ ತೊಡೆಯ ಕೆಳಗಿನಿಂದ ಹೊರಗೆ ಬಂದಿತ್ತು. ಮೌಸಿನ ಮೇಲೆ ಕೂತಿತ್ತು. ಬಾಗಿಲಾಚೆಯ ಗುನುಗು ಕೇಳುತ್ತಲೇ ಇತ್ತು.

ಒತ್ತಿದ.

ರದ್ದು ಮಾಡಲೇ ಎಂದು ಕ್ಲೈಂಟು ಒಂದು ಸಲ ಮರ್ಯಾದೆಯಿಂದ ಕೇಳಿತು. ಹೌದು ಎಂದು ಅದನ್ನೂ ಒತ್ತಿದ. ಪಟ್ಟಿ ಖಾಲಿಯಾಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವನು ಉದ್ದಕ್ಕೆ ಉಸಿರು ಬಿಟ್ಟ, ಬಿಟ್ಟ ಮೇಲೆ ಏನು ಮಾಡಿದೆನೆಂದು ತಿಳಿಯಿತು. ಮತ್ತೆ ಶುರು ಒತ್ತಿದ. ಸೊನ್ನೆ. ಒಂದು. ಇನ್ನು ಅದು ನೂರು ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ. ಶಾಲೆಯವರು ಆ ಹೊತ್ತಿಗೆ ಇನ್ಯಾರನ್ನೋ ಮೇಷ್ಟ್ರೇ ಎಂದು ಕರೆದಿರುತ್ತಾರೆ.

ಗುನುಗು ನಿಂತಿತು. ಬಾಗಿಲು ತಳ್ಳಿಕೊಂಡು ಹೆಂಡತಿ ಒಳಗೆ ಬಂದಳು. ಹೊತ್ತಾಯ್ತು, ಮುಖ ತೊಳ್ಕೊಂಡು ಬನ್ನಿ ಎಂದು ಹೇಳಲು ಬಂದವಳು ಪರದೆ ನೋಡಿ ನಿಂತಳು. ಎರಡು. ಅವಳ ಮುಖ ನೋಡಲಾಗದೆ ಅವನು ಏಳು ವರ್ಷದಿಂದ ಬಾಯಿಪಾಠವಾಗಿದ್ದ ಧಾಟಿಯಲ್ಲೇ ಮಾತಾಡಿದ.

"ಯಾರೋ ಒತ್ತಿಬಿಟ್ರು," ಎಂದ.

ಅವಳು ಬಾಗಿಲ ಕಡೆ ತಿರುಗಿ, ಹೊಸ್ತಿಲ ಮೇಲಿನ ಕುರ್ಚಿಯನ್ನು ನೋಡಿದಳು. ಕೆಳಗೆ ವರ್ಕ್‌ಶಾಪಿನಲ್ಲಿ ಮಾವ ಮೆತ್ತಗೆ ಸುತ್ತಿಗೆ ಬಡಿಯುವುದು, ಅತ್ತೆ ಯಾರಿಗೋ ಫೋನಿನಲ್ಲಿ ಹೆದರಬೇಡಿ ಎನ್ನುವುದು, ಸದ್ದು ಮಾಡಬೇಡಿ ಮೇಲೆ ಭಾವನಿಗೆ ಪರೀಕ್ಷೆ ಎಂದು ಭಾವಮೈದ ಅವರನ್ನು ಗದರುವುದು, ಎಲ್ಲ ಕೇಳಿಸುತ್ತಿತ್ತು.

"ಬಾಗಿಲಲ್ಲಿ ನಾನೇ ಕೂತಿದ್ದೆನಲ್ಲ," ಎಂದಳು.

ಅವನಿಗೆ ಹೇಳಲು ಯಾರ ಹೆಸರೂ ಉಳಿದಿರಲಿಲ್ಲ. ಅವಳು ಕುರ್ಚಿಯನ್ನು ಎತ್ತಿಕೊಂಡು ಹೋಗಿ ಊಟದ ಮೇಜಿನ ಹತ್ತಿರ ಅದರ ಜಾಗದಲ್ಲಿ ಇಟ್ಟಳು.